ನಲವತ್ತು ದಾಟದವನು

ಆ ಸೋಮವಾರ ಮುಂಜಾನೆ ಸುನೀಲನನ್ನು ಹತ್ತು ನಿಮಿಷ ತಡೆದು ನಿಲ್ಲಿಸಿದವಳು ಅವನ ತಾಯಿ ಮುದುಕಮ್ಮ. ಮೇ ತಿಂಗಳು. ಒಂಬತ್ತಾಗುವ ಮೊದಲೇ ಅಂಗಳದ ಫರಸಿಕಲ್ಲು ಕಾಲು ಸುಡುತ್ತಿತ್ತು. ಎಂಟೂಕಾಲಿನ ಬಸ್ಸು ತಪ್ಪಿಸಿಕೊಂಡ ಮಗ ಅಪ್ಪನ ಕಾರಿನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟಿದ್ದ. ಹಂಚಿನ ಮೇಲೆ ಕೊನೆಯ ಎರಡು ಜೋಳದ ರೊಟ್ಟಿ ಇದ್ದವು, ಪುಂಡಿಪಲ್ಲೆಗೆ ಒಗ್ಗರಣೆ ಬೀಳುವುದಿತ್ತು. ಹೋಟೆಲಿನ ಅನ್ನ ತಿಂದು ತಿಂದು ಮುಖ ಒಣಗಿದೆ, ಬಿಸಿ ರೊಟ್ಟಿ ಕಟ್ಟಿಸಿಕೊಂಡೇ ಹೋಗು ಎಂದು ಆಕೆ ನಿಲ್ಲಿಸಿದಳು. ಅವನು ಕೈಗಡಿಯಾರ ನೋಡಿಕೊಂಡು ನಿಂತ. ತಾಯಿಗೆ ಎದುರಾಡುವ ಹುಡುಗನಲ್ಲ. ಡಬ್ಬಿ ಇಸಿದುಕೊಂಡು ಸಿಂಧನೂರು ಬಿಟ್ಟಾಗ ಒಂಬತ್ತು. ಲಿಂಗಸುಗೂರು ಅರವತ್ತು ಕಿಲೋಮೀಟರಿನ ಹತ್ತಿರ. ಹತ್ತಕ್ಕೆ ಅಲ್ಲಿಯ ಸರ್ಕಾರಿ ಕಚೇರಿಯ ಯಂತ್ರದ ಮೇಲೆ ಅವನು ಬೆರಳು ಒತ್ತಬೇಕಿತ್ತು.

ಬುಧವಾರ ಸಂಜೆ ವಿರೂಪಾಕ್ಷಪ್ಪನ ಫೋನಿಗೆ ಸಂದೇಶ ಬಂತು. ಮುದುಕಮ್ಮನ ಗಂಡ ವಿರೂಪಾಕ್ಷಪ್ಪ ಮೂವತ್ತು ವರ್ಷ ಕಾಲುವೆ ದಂಡೆ ಕಾಯ್ದು ನಿವೃತ್ತನಾದವನು. ಕಾರು ಆತನ ಹೆಸರಿನಲ್ಲಿತ್ತು, ಹೊಡೆಯಲು ಮಾತ್ರ ಬರುತ್ತಿರಲಿಲ್ಲ. ಕನ್ನಡವಾಗಿದ್ದರೆ ಬೆರಳಿಟ್ಟು ಓದಿಕೊಳ್ಳುತ್ತಿದ್ದ. ಇದು ಇಂಗ್ಲಿಷಿನಲ್ಲಿದ್ದದ್ದರಿಂದ ಕಿರಿಯ ಸೊಸೆ ಅನುಪಮಾಳ ಮುಂದೆ ಹಿಡಿದ. ಸುನೀಲನ ಹೆಂಡತಿ ಅನುಪಮಾ ಆಸ್ಪತ್ರೆಯಲ್ಲಿ ನರ್ಸು. ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಕೈ ತೊಳೆಯುತ್ತಿದ್ದವಳು ಬೆರಳು ಒರೆಸಿಕೊಂಡು ಓದಿ ಹೇಳಿದಳು. ಮಸ್ಕಿಯ ಈಚೆ, ರಸ್ತೆ ಊರು ಸೇರುವ ಕಡೆ, ಒಂಬತ್ತು ಇಪ್ಪತ್ತೊಂದಕ್ಕೆ, ನೂರಾ ಎಂಟರ ವೇಗ. ಸಾವಿರ ರೂಪಾಯಿ ದಂಡ. ಜೊತೆಗೊಂದು ಫೋಟೊ: ಕಾರಿನ ಬೆನ್ನು, ನಂಬರು, ಹಿಂದಿನ ಗಾಜಿಗೆ ಅಂಟಿಸಿದ ನೀಲಿ ಧಮ್ಮಚಕ್ರ. ಹೊಡೆಯುತ್ತಿದ್ದವನ ಮುಖ ಅದರಲ್ಲಿ ಇರಲಿಲ್ಲ.

ಅಂದು ಮನೆಯಲ್ಲಿ ನಗೆಯೇ ಆಯಿತು. ಹಿರಿಯ ಮಗ ಲಕ್ಷ್ಮಣ ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಈ ಗಾಡ್ಯಾಗ ಇಷ್ಟು ದಮ್ ಐತಿ ಅಂತ ನನಗ ಗೊತ್ತ ಇದ್ದಿಲ್ಲ ನೋಡಪ್ಪ," ಎಂದ.

ಅವನು ಹಾಗೆ ಅನ್ನುವುದಕ್ಕೆ ಕಾರಣವಿತ್ತು. ಲಕ್ಷ್ಮಣ ಹದಿನಾಲ್ಕು ವರ್ಷದಿಂದ ಒಂದು ಶಾಲೆಯ ಹಳದಿ ಬಸ್ಸು ಹೊಡೆಯುತ್ತಿದ್ದ. ದಢೇಸುಗೂರು ಕಡೆಯ ಹಳ್ಳಿಗಳು, ವಲಸೆ ರೈತರ ಕ್ಯಾಂಪುಗಳ ಮಕ್ಕಳನ್ನು ಮುಂಜಾನೆ ತಂದು, ಸಂಜೆ ಮುಟ್ಟಿಸುವ ಕೆಲಸ. ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ಭತ್ತದ ಗದ್ದೆ. ಅವನ ಬಸ್ಸಿನ ಮುಳ್ಳು ನಲವತ್ತನ್ನು ದಾಟಿದ್ದನ್ನು ಯಾರೂ ನೋಡಿರಲಿಲ್ಲ. ಟ್ರ್ಯಾಕ್ಟರಿನವರು ಸಹ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದರು. ಮಕ್ಕಳು ಅವನನ್ನು ನಲವತ್ತು ಮಾಮಾ ಎಂದೇ ಕರೆಯುತ್ತಿದ್ದವು. ಸೀಟಿನ ಹಿಂದೆ ಅವನದೊಂದು ಬಟ್ಟೆಚೀಲ ಇರುತ್ತಿತ್ತು. ಅದರಲ್ಲಿ ಚಪ್ಪಲಿ ಹರಿದುಕೊಂಡ ಮಕ್ಕಳಿಗಾಗಿ ಎರಡು ಜೊತೆ ಹಳೆ ಚಪ್ಪಲಿ, ವಾಂತಿ ಮಾಡಿಕೊಳ್ಳುವ ಮಕ್ಕಳಿಗಾಗಿ ನಿಂಬೆಹುಳಿ ಪೆಪ್ಪರಮಿಂಟು, ಒಂದು ಒದ್ದೆ ಟವೆಲ್ಲು.

ಶನಿವಾರ ಮಸ್ಕಿ ಠಾಣೆಯಿಂದ ಫೋನು ಬರುವವರೆಗೆ ನಗೆ ಉಳಿದಿತ್ತು. ಮಾತಾಡಿದವರು ಗೌಸ್‌ಸಾಬ್ ಎಂಬ ಹವಾಲ್ದಾರರು, ಮೆತ್ತಗಿನ ದನಿ. ವೇಗ ಬಹಳ ಆಗಿದೆ, ಅದೂ ಜನ ಓಡಾಡುವಲ್ಲಿ. ಬರೀ ದಂಡ ಕಟ್ಟಿದರೆ ಸಾಲದು, ಆ ಹೊತ್ತಿನಲ್ಲಿ ಗಾಡಿ ಯಾರ ಕೈಯಲ್ಲಿತ್ತೋ ಅವರು ಲೈಸೆನ್ಸ್ ಸಮೇತ ಬಂದು ಬರೆದುಕೊಡಬೇಕು, ಮಾಲೀಕರೂ ಸಹಿ ಹಾಕಬೇಕು ಎಂದರು.

ಅಂದು ಸಂಜೆ ಊಟಕ್ಕೆ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ಬದನೆಕಾಯಿ ಎಣಗಾಯಿ ಮಾಡಿದ್ದರು. ಸುನೀಲ ರೊಟ್ಟಿ ಮುರಿದವನು ಬಾಯಿಗೆ ಇಡಲಿಲ್ಲ.

"ಇನ್ನ ಎಂಟು ತಿಂಗಳು ಉಳದೈತಿ ನಂದು," ಎಂದ. "ಪ್ರೊಬೇಷನ್‌ದಾಗ ಕೇಸ್ ಬಿತ್ತಂದ್ರ ಫೈಲಿಗೆ ಹತ್ತತೈತಿ. ಕಾಯಂ ಮಾಡಂಗಿಲ್ಲ."

ಅನುಪಮಾ ಕೇಳಿದಳು, "ಹಂಗಂತ ಯಾರು ಹೇಳಿದ್ರು? ಆಫೀಸಿನ್ಯಾಗ ಯಾರ್ನರ ಕೇಳೀರೇನು?"

"ಯಾರ್ನ ಕೇಳ್ಲಿ? ಕೇಳಿದ್ರ ಎಲ್ಲಾರ್ಗೂ ಗೊತ್ತಾಗಂಗಿಲ್ಲೇನು?"

ಮನೆಯವರಿಗೆ ಅದು ನಿಜವೆನಿಸಿತು. ಆ ಓಣಿಯಲ್ಲಿ ಪರೀಕ್ಷೆ ಬರೆದು ಸರ್ಕಾರಿ ಕುರ್ಚಿ ಹಿಡಿದವನು ಸುನೀಲನೇ ಮೊದಲು. ಆದೇಶ ಬಂದ ದಿನ ವಿರೂಪಾಕ್ಷಪ್ಪ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೊ ಇಳಿಸಿ, ಒರೆಸಿ, ಕಾಗದವನ್ನು ಅದರ ಕೆಳಗಿಟ್ಟು ಬಹಳ ಹೊತ್ತು ಕೂತಿದ್ದ. ಅಂಥ ಕಾಗದಕ್ಕೆ ಮಸಿ ತಾಗುವುದನ್ನು ಆ ಮನೆ ತಾಳುವಂತಿರಲಿಲ್ಲ.

ಮುದುಕಮ್ಮ ಹಿರಿಯ ಮಗನ ಕಡೆ ನೋಡಿದಳು. ಇದು ಹೊಸದಲ್ಲ. ಚಿಕ್ಕವರಿದ್ದಾಗ ಪಕ್ಕದ ಮನೆಯ ಗಡಿಗೆ ಒಡೆದರೂ, ಮಾಸ್ತರರ ಸೈಕಲ್ಲಿನ ಗಾಳಿ ಬಿಟ್ಟರೂ, ಮಾಡಿದವನು ಸುನೀಲ, ಏಟಿಗೆ ಕೈ ಮುಂದೆ ಚಾಚುತ್ತಿದ್ದವನು ಲಕ್ಷ್ಮಣ. ತಮ್ಮನ ಅಂಗೈ ಸಣ್ಣದು ಎನ್ನುತ್ತಿದ್ದ.

"ಲಕ್ಷ್ಮಣ, ನಿನ್ನ ಹೆಸರು ಬರಸಿಬಿಡು," ಎಂದಳು.

ಲಕ್ಷ್ಮಣನ ಹೆಂಡತಿ ಪದ್ಮಾವತಿ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಮಾತು ಕಡಿಮೆ. ಸಾರಿನ ಸೌಟು ಕೈಯಲ್ಲೇ ಹಿಡಿದು ನಿಂತಳು.

"ಹೊಡದವರ ಹೋಗಲ್ರಿ ಅತ್ತಿ. ಇವರ ಹೆಸರ್ಯಾಕ?"

"ಡ್ರೈವರಗ ಕೇಸು ಅಂದ್ರ ಹಿಟ್ಟಿನ ಗಿರಣ್ಯಾಗ ಇರೋನ ಅಂಗಿಗೆ ಹಿಟ್ಟು ಹತ್ತಿದಂಗವ್ವ. ಝಾಡಿಸಿದ್ರ ಹೋತು. ಇವಂದು ನೌಕರಿ. ಬಿಳಿ ಅಂಗಿ. ಒಂದು ಹನಿ ಬಿದ್ರೂ ಕಾಣತೈತಿ."

ಮಾತು ಮುದುಕಮ್ಮನಿಗೇ ಚೆನ್ನಾಗಿ ಹೇಳಿದೆ ಅನಿಸಿತು. ವಿರೂಪಾಕ್ಷಪ್ಪ ತಲೆ ಆಡಿಸಿದ. ಲಕ್ಷ್ಮಣ ಎಣಗಾಯಿಯ ಎಣ್ಣೆಯನ್ನು ರೊಟ್ಟಿಯಿಂದ ಬಳಿದುಕೊಳ್ಳುತ್ತ, "ಆತ್ ಬಿಡಬೇ. ಹದಿನಾಕು ವರ್ಸದಾಗ ಒಂದು ಕಾಗದ ಇಲ್ಲ ನನ್ನ ಮ್ಯಾಲ. ಒಂದಿರಲಿ," ಎಂದ. ಆಮೇಲೆ ಮಗಳ ಕಡೆ ತಿರುಗಿ ಕಣ್ಣು ಹೊಡೆದ. "ಸಾಲಿ ಚಾಲೂ ಆದ ಮ್ಯಾಲ ನಿಮ್ಮ ಗೆಳತ್ಯಾರಿಗೆ ಹೇಳು, ನಲವತ್ತು ಮಾಮಾ ನೂರಾ ಎಂಟು ಹೊಡದಾನಂತ."

ಮಗಳು ಯಶೋಧರಾ ಒಂಬತ್ತನೇ ತರಗತಿಗೆ ಹೋಗುವವಳು, ಅದೇ ಶಾಲೆಗೆ, ಅಪ್ಪನದೇ ಬಸ್ಸಿನಲ್ಲಿ. ಅವಳು ನಗಲಿಲ್ಲ. "ಹೇಳಿದ್ರೂ ಯಾರು ನಂಬತಾರಪ್ಪ," ಎಂದಳು.

ಸೋಮವಾರ ವಿರೂಪಾಕ್ಷಪ್ಪ, ಲಕ್ಷ್ಮಣ ಇಬ್ಬರೂ ಬಸ್ಸಿನಲ್ಲಿ ಮಸ್ಕಿಗೆ ಹೋಗಿ ಸಹಿ ಹಾಕಿ ಬಂದರು. ಗೌಸ್‌ಸಾಬ್ ಲೈಸೆನ್ಸಿನ ನಂಬರು ಬರೆದುಕೊಂಡು, ದಂಡ ಕಟ್ಟಿಸಿಕೊಂಡು, ಇನ್ನು ಮೇಲೆ ಹುಷಾರಾಗಿ ಹೊಡೆಯಿರಿ ಎಂದಷ್ಟೇ ಹೇಳಿ ಕಳಿಸಿದ್ದರು. ಬರುವಾಗ ಲಕ್ಷ್ಮಣ ದೊಡ್ಡದೊಂದು ಕಲ್ಲಂಗಡಿ ಹಣ್ಣು ತಂದ. ಎಲ್ಲರೂ ಕೂತು ತಿಂದರು. ಸುನೀಲ ಅಣ್ಣನಿಗೆ ನಡುವಿನ ಕೆಂಪು ಹೋಳು ಕೊಟ್ಟ. ಕಥೆ ಮುಗಿಯಿತು ಎಂದುಕೊಂಡರು.

ಜೂನ್ ಮೊದಲ ವಾರ ಶಾಲೆ ತೆರೆಯಿತು. ಮೂರನೆಯ ದಿನ ಲಕ್ಷ್ಮಣ ಎಂದಿನಂತೆ ಹಲ್ಲುಜ್ಜಿ, ಹಳೆ ಚಪ್ಪಲಿಗಳ ಚೀಲ ಹೆಗಲಿಗೆ ಹಾಕಿಕೊಂಡು ಆರಕ್ಕೇ ಹೋದ. ಹತ್ತು ಗಂಟೆಗೆ ಅವನಿಲ್ಲದೆ ಆ ಚೀಲ ಮಾತ್ರ ಮನೆಗೆ ಬಂತು. ತಂದವಳು ಮಕ್ತುಂಬೀ, ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ. ಚೀಲದ ಜೊತೆ ಲಕ್ಷ್ಮಣನ ಊಟದ ಡಬ್ಬಿ ಇತ್ತು. ತೆರೆದೇ ಇರಲಿಲ್ಲ.

ಮುದುಕಮ್ಮ ನೀರು ಕೊಟ್ಟಳು. ಮಕ್ತುಂಬೀ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ನಡೆದದ್ದನ್ನು ಒಂದೊಂದಾಗಿ ಹೇಳಿದಳು. ಹೊಸ ವರ್ಷಕ್ಕೆ ಶಾಲೆಯ ಬಸ್ಸುಗಳ ತಪಾಸಣೆ ಇತ್ತು. ಬಸ್ಸಿನ ಕಾಗದದ ಜೊತೆ ಡ್ರೈವರುಗಳ ಕಾಗದವನ್ನೂ ಕಂಪ್ಯೂಟರಿನಲ್ಲಿ ನೋಡಿದರು. ಲಕ್ಷ್ಮಣನ ನಂಬರು ಒತ್ತಿದಾಗ ನೂರಾ ಎಂಟು ಬಂತು.

"ಜೋರ್ ಹೊಡದ ಕೇಸು ಒಂದ ಸಲ ಬಿದ್ದಿದ್ರೂ ಮಕ್ಕಳ ಗಾಡಿ ಹೊಡಿಯಂಗಿಲ್ಲಂತ ಅಕ್ಕಾ," ಎಂದಳು ಮಕ್ತುಂಬೀ. "ಕುಡದು ಹೊಡದಾಂವಗೂ ಅದ ಕಾನೂನು, ಜೋರ್ ಹೊಡದಾಂವಗೂ ಅದ ಕಾನೂನು. ನಮಗ್ಯಾರಿಗೂ ಗೊತ್ತಿದ್ದಿಲ್ಲ. ಅಣ್ಣಗೂ ಗೊತ್ತಿದ್ದಿಲ್ಲ."

ಶಾಲೆಯ ಕಾರ್ಯದರ್ಶಿ ಆದೆಪ್ಪನವರು ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಲಕ್ಷ್ಮಣನನ್ನು ಕೇಳಿದರಂತೆ: ನೀನು ಹೊಡೆದದ್ದು ನಿಜವೇನಪ್ಪ, ನಿನ್ನನ್ನು ನಾನು ಹದಿನಾಲ್ಕು ವರ್ಷ ನೋಡಿದ್ದೇನೆ. ಕಿಟಕಿಯ ಹೊರಗೆ ನಿಂತ ಮಕ್ತುಂಬೀಗೆ ಕೇಳಿಸಿತು. ಲಕ್ಷ್ಮಣ, ಸಹಿ ನನ್ನದೇ ಇದೆ ಸಾಹೇಬರೆ ಎಂದನಂತೆ. ಆದೆಪ್ಪನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ಒರೆಸಿದರು. ಜೂನ್ ತಿಂಗಳ ಪೂರಾ ಪಗಾರ ಕೊಡಿಸಿ, ತೆಗೆದುಹಾಕಿದೆ ಎಂದು ಬರೆಯದೆ, ತಾನಾಗಿ ಬಿಟ್ಟ ಎಂದು ಬರೆಸಿದರು. ಅವರ ಕೈಯಲ್ಲಿ ಇದ್ದದ್ದು ಅಷ್ಟೇ.

"ಮತ್ತ ಅವ ಎಲ್ಲ್ಯಾನ?" ಎಂದಳು ಮುದುಕಮ್ಮ.

"ಬಸ್ ತೊಳಿಯಾಕತ್ತಾನಕ್ಕಾ. ಹೊಸ ಡ್ರೈವರ್ ಬರೋದು ಸಂಜಿಗೆ. ಹೊಲಸ ಗಾಡಿ ಕೊಡಬಾರದಂತ."

ಮಧ್ಯಾಹ್ನ ಮನೆಗೆ ಬಂದ ಲಕ್ಷ್ಮಣನ ಪ್ಯಾಂಟಿನ ಅಂಚು ಒದ್ದೆಯಾಗಿತ್ತು. ಡಬ್ಬಿಯ ರೊಟ್ಟಿಯನ್ನೇ ತಿಂದ, ಬಿಸಿಯದು ಬೇಡವೆಂದ. ಕಹಕಶಾ ಎಂಬ ಒಂದನೇ ತರಗತಿಯ ಕೂಸು ಮುಂದಿನ ಸೀಟಿನಲ್ಲಿ ಕೂಡದಿದ್ದರೆ ವಾಂತಿ ಮಾಡಿಕೊಳ್ಳುತ್ತದೆ, ಅದನ್ನು ಹೊಸಬನಿಗೆ ಹೇಳಲು ಮರೆತೆ, ಮಕ್ತುಂಬೀಗೆ ನೆನಪು ಮಾಡಬೇಕು ಎಂದ. ಪದ್ಮಾವತಿ ಸಂಜೆ ಕೆಲಸದಿಂದ ಬಂದು ಎಲ್ಲ ಕೇಳಿದಳು. ಅತ್ತೆಯ ಹತ್ತಿರ ಬಂದು ನಿಂತಾಗ ಅವಳ ಕೈಗೆ ಇನ್ನೂ ಬೇಳೆಯ ವಾಸನೆ ಇತ್ತು.

"ಹಿಟ್ಟು ಝಾಡಿಸಿದ್ರ ಹೋಗಲಿಲ್ಲ ನೋಡ್ರಿ ಅತ್ತಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಊರು ದೊಡ್ಡದಾದರೂ ಗಾಡಿ ಹೊಡೆಯುವವರ ಪೈಕಿ ಮಾತು ಬೇಗ ಹಬ್ಬುತ್ತದೆ. ಇನ್ನೆರಡು ಶಾಲೆಗಳನ್ನು ಲಕ್ಷ್ಮಣ ಕೇಳಿ ಬಂದ. ಅಲ್ಲಿಯೂ ಅದೇ ಕಂಪ್ಯೂಟರು. ಒಬ್ಬ ಡಾಕ್ಟರು ತಮ್ಮ ಕಾರಿಗೆ ಡ್ರೈವರ್ ಬೇಕೆಂದಿದ್ದವರು, ಮನೆಯಲ್ಲಿ ವಯಸ್ಸಾದವರಿದ್ದಾರೆ, ನಿಧಾನಕ್ಕೆ ಹೊಡೆಯುವವರೇ ಬೇಕು ಎಂದು ಹೇಳಿ ಕಳಿಸಿದರು. ಅದನ್ನು ಮನೆಯಲ್ಲಿ ಹೇಳುವಾಗ ಲಕ್ಷ್ಮಣ ನಕ್ಕ. ಬೇರೆ ಯಾರಿಗೂ ನಗಲಾಗಲಿಲ್ಲ.

ಶಾಲೆಯಲ್ಲಿ ಯಶೋಧರಾಳಿಗೆ ಇನ್ನೊಂದು ಬಗೆಯ ಕಷ್ಟ. ಅಪ್ಪ ಬಿಟ್ಟ ಬಸ್ಸಿನಲ್ಲಿಯೇ ಅವಳು ಹೋಗಬೇಕು. ನಿಮ್ಮಪ್ಪ ನಮ್ಮ ಎದುರಿಗೆ ನಲವತ್ತರ ನಾಟಕ ಮಾಡಿ ಹಿಂದೆ ನೂರಾ ಎಂಟು ಹೊಡೆಯುತ್ತಿದ್ದನಂತೆ ಎಂದು ಒಂದು ಹುಡುಗಿ ಎಲ್ಲರ ಮುಂದೆ ಅಂದಳು. ಒಬ್ಬ ಹುಡುಗನ ತಾಯಿ, ದೇವರು ದೊಡ್ಡವನು, ಇಷ್ಟು ವರ್ಷ ನಮ್ಮ ಮಗು ಉಳಿಯಿತು ಎಂದು ಬಸ್ಸಿನ ಬಾಗಿಲಲ್ಲೇ ಹೇಳಿದಳು. ಒಂದು ರವಿವಾರ ಮುದುಕಮ್ಮ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಹುಡುಗಿ ತಿರುಗದೆಯೇ ಕೇಳಿದಳು.

"ಆಯಿ, ನಾ ಖರೇ ಹೇಳಿಬಿಡ್ಲೇನು? ಕಾಕಾ ಹೊಡದಿದ್ದ ಅಂತ."

ಮುದುಕಮ್ಮನ ಬೆರಳು ನಿಂತವು. "ಬ್ಯಾಡವ್ವ," ಎಂದಳು.

"ಮತ್ತ ನೀನರ ಹೇಳು."

ಮರುದಿನ ಮುದುಕಮ್ಮ ಯಾರಿಗೂ ಹೇಳದೆ ಮಸ್ಕಿಯ ಬಸ್ಸು ಹತ್ತಿದಳು. ಕೈಯಲ್ಲಿ ಆಧಾರ್ ಕಾರ್ಡಿತ್ತು. ನಿಂತಿದ್ದ ಮುದುಕಿಗೆ ಕಾಲೇಜಿನ ಹುಡುಗನೊಬ್ಬ ಎದ್ದು ಜಾಗ ಕೊಟ್ಟ. ಊರು ಹತ್ತಿರವಾದಾಗ ಆಕೆ ಕಿಟಕಿಯಿಂದ ಕಂಬದ ಮೇಲಿನ ಕ್ಯಾಮೆರಾ ನೋಡಿದಳು. ಗುಬ್ಬಿಯಷ್ಟು ದೊಡ್ಡದು. ಅದರ ಕೆಳಗೆ ಒಬ್ಬ ಹೆಂಗಸು ಎರಡು ಮಕ್ಕಳ ಕೈ ಹಿಡಿದು ರಸ್ತೆ ದಾಟಲು ಕಾಯುತ್ತಿದ್ದಳು. ಈ ಎರಡು ತಿಂಗಳಲ್ಲಿ ಆ ಮುಂಜಾನೆ ಇಲ್ಲಿ ಹೀಗೆ ಯಾರಾದರೂ ನಿಂತಿದ್ದರೇನೋ ಎಂದು ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ಆಕೆಗೂ ಹೊಳೆದಿರಲಿಲ್ಲ.

ಗೌಸ್‌ಸಾಬ್ ನರೆತ ಮೀಸೆಯವರು. ಆಕೆಯನ್ನು ಫ್ಯಾನಿನ ಕೆಳಗೆ ಕೂಡಿಸಿ, ಮಜ್ಜಿಗೆ ತರಿಸಿಕೊಟ್ಟು, ಹೇಳಿದ್ದನ್ನೆಲ್ಲ ಕೊನೆಯವರೆಗೆ ಕೇಳಿದರು. ನಡುವೆ ಫೋನು ಬಂದರೆ ಉಲ್ಟಾ ಮಾಡಿ ಇಟ್ಟರು.

"ಈ ಮಾತು ಆ ದಿನ ಹೇಳಿದ್ರ ಸಾವಿರ ರೂಪಾಯ್ದಾಗ ಮುಗೀತಿತ್ತಮ್ಮ," ಎಂದರು. "ಈಗ ಹೇಳಬೇಕಂದ್ರ ಸಹಿ ಮಾಡಿದವರು ಬರಬೇಕು. ಬಂದು, ನಾವು ಸುಳ್ಳು ಬರಕೊಟ್ಟಿದ್ವಿ ಅಂತ ಬರೀಬೇಕು. ಅದು ಬ್ಯಾರೇನ ಕೇಸು. ನಿಮ್ಮ ಯಜಮಾನರು, ದೊಡ್ಡ ಮಗ, ಹೊಡದ ಮಗ, ಮೂವರೂ ಅದರಾಗ ಬರತಾರ."

"ಹೇಳಿದಾಕಿ ನಾನರೀ. ನನ್ನ ಹೆಸರು ಬರಕೋರಿ."

ಗೌಸ್‌ಸಾಬ್ ಫೈಲು ತಿರುವಿ ಆಕೆಯ ಮುಂದಿಟ್ಟರು. ಗಂಡನ ಸಹಿ, ಮಗನ ಸಹಿ. "ಇದರಾಗ ನಿಮ್ಮ ಹೆಸರು ಎಲ್ಲೂ ಇಲ್ಲಲ್ಲಮ್ಮ," ಎಂದರು. ಅದನ್ನು ಅವರು ಕರುಣೆಯಿಂದಲೇ ಹೇಳಿದರು. ಬಸ್‌ಸ್ಟ್ಯಾಂಡಿನವರೆಗೆ ಒಬ್ಬ ಪೇದೆಯನ್ನು ಜೊತೆಗೆ ಕಳಿಸಿದರು.

ಅಂದು ಸಂಜೆ ಆಕೆ ತಾನು ಹೋಗಿಬಂದದ್ದನ್ನು ಎಲ್ಲರ ಮುಂದೆ ಹೇಳಿದಳು. ವಿರೂಪಾಕ್ಷಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಸುನೀಲ ಆಗ ಹೇಳಿದ ಮಾತಿಗೆ ಮನೆಯೇ ಕದಲಿದಂತಾಯಿತು. ಹದಿನೈದು ದಿನದ ಹಿಂದೆ ಅವನು ತನ್ನ ಕಚೇರಿಯ ಮೇಲಧಿಕಾರಿ ಕನಕಮ್ಮನವರನ್ನು, ಬೇರೆ ಯಾರದೋ ಸಂಗತಿ ಎಂಬಂತೆ, ಕೇಳಿದ್ದನಂತೆ. ವೇಗದ ದಂಡ ಕಟ್ಟಿದವರ ನೌಕರಿ ಹೋಗುವುದಾದರೆ ಅರ್ಧ ಕಚೇರಿ ಖಾಲಿಯಾಗಬೇಕು ಎಂದು ಆಕೆ ನಕ್ಕಿದ್ದರಂತೆ.

"ಹದಿನೈದು ದಿನದ ಹಿಂದ," ಎಂದಳು ಪದ್ಮಾವತಿ. "ಹದಿನೈದು ದಿನ ಆತು, ಬಾಯಿ ಬಿಟ್ಟಿಲ್ಲ."

"ಬಿಟ್ಟು ಏನು ಮಾಡ್ಲಿ ವೈನಿ? ಆಗ್ಲೇ ಅಣ್ಣಂದು ಹೋಗಿತ್ತು. ಈಗ ಹೇಳಿದ್ರ ಸುಳ್ಳು ಬರಸಿದ ಕೇಸು. ಅದಕ್ಕ ನೌಕರಿ ಹೋಗೋದು ಖರೇ."

"ನಿಮ್ದು ಹೋಗಬಾರದು, ನಮ್ದು ಹೋದ್ರ ನಡಿತೈತಿ. ಬಿಳಿ ಅಂಗಿ ನೋಡ್ರಿ."

ಅನುಪಮಾ ಎದ್ದು ಪದ್ಮಾವತಿಯ ಕೈ ಹಿಡಿದಳು. ತನ್ನ ಸಂಬಳದಲ್ಲಿ ಅರ್ಧ ಪ್ರತಿ ತಿಂಗಳೂ ಅಕ್ಕನ ಕೈಗೇ ಕೊಡುತ್ತೇನೆ, ಯಶೋಧರಾಳ ಫೀಜು ತನ್ನದು ಎಂದಳು. ಬಾಯಿಮಾತಲ್ಲ, ಮುಂದಿನ ತಿಂಗಳಿಂದ ಅವಳು ಹಾಗೆಯೇ ಮಾಡಿದಳು. ಆದರೆ ಆ ಹೊತ್ತಿಗೆ ಪದ್ಮಾವತಿ ಕೈ ಬಿಡಿಸಿಕೊಂಡಳು.

"ರೊಕ್ಕದ ಮಾತಲ್ಲ ಅನು. ನನ್ನ ಗಂಡಗ ಮಂದಿ ಕೂಸು ಕೈಯಾಗ ಕೊಡತಿದ್ರು. ಕಣ್ಣು ಮುಚ್ಚಿ ಕೊಡತಿದ್ರು. ಅದನ್ನ ಯಾವ ತಿಂಗಳು ಕೊಡತಿ?"

ಕೊನೆಗೆ ಲಕ್ಷ್ಮಣನೇ ತಾಟುಗಳನ್ನು ಹಾಕಿದ. "ಅವಂದೂ ಹೋದ್ರ ನಂದು ತಿರುಗಿ ಬರತೈತೇನು? ಉಣ್ರಿ. ಸಾರು ಆರಾಕತ್ತೈತಿ," ಎಂದ. ಮರುದಿನ ಪದ್ಮಾವತಿ ತವರಿಗೆಂದು ಸಂತೆಕಲ್ಲೂರಿಗೆ ಹೋದಳು. ನಾಲ್ಕು ದಿನಕ್ಕೆ ಮರಳಿ ಬಂದಳು, ಬಿಸಿಯೂಟಕ್ಕೆ ಬೇರೆ ಜನ ಇರಲಿಲ್ಲ. ಬರುವಾಗ ತವರಿನ ಹೊಲದ ತೊಗರಿಬೇಳೆ ತಂದು, ಅರ್ಧ ತನ್ನ ಡಬ್ಬಿಗೆ, ಅರ್ಧ ಅತ್ತೆಯ ಡಬ್ಬಿಗೆ ಸುರಿದಳು. ಅದುವರೆಗೆ ಆ ಮನೆಯಲ್ಲಿ ಬೇಳೆಗೆ ಎರಡು ಡಬ್ಬಿ ಇರಲಿಲ್ಲ.

ಜುಲೈನಲ್ಲಿ ಚಾಂದ್‌ಪಾಷಾ ಬಂದ. ವಳಕಮದಿನ್ನಿ ಕಡೆಯ ಕೆರೆಗಳ ಮೀನನ್ನು ಐಸಿನ ಪೆಟ್ಟಿಗೆಯಲ್ಲಿ ತುಂಬಿ ಹೈದರಾಬಾದಿಗೆ ಕಳಿಸುವ ವ್ಯಾಪಾರ ಅವನದು. ಸಂಜೆ ಬಿಟ್ಟ ಗಾಡಿ ನಡುರಾತ್ರಿಯ ಹರಾಜಿಗೆ ಮುಟ್ಟಬೇಕು. ತಡವಾದರೆ ಐಸು ಕರಗಿ ಮಾಲು ಮಣ್ಣಪಾಲು. ಲಕ್ಷ್ಮಣ ಮುಚ್ಚಿಡಲಿಲ್ಲ, ತನ್ನ ಮೇಲೆ ಅತಿವೇಗದ ಕೇಸಿದೆ ಎಂದು ಮೊದಲೇ ಹೇಳಿದ.

ಚಾಂದ್‌ಪಾಷಾನ ಮುಖ ಅರಳಿತು. "ಅದನ್ನ ಕೇಳೇ ಬಂದೀನಿ ಭಾಯಿ," ಎಂದ. "ನೂರಾ ಎಂಟು ಹೊಡಿಯೋ ಮನಷ್ಯಾ ನನಗ ಬೇಕಾಗ್ಯಾನ."

ಮೊದಲ ವಾರ ಲಕ್ಷ್ಮಣ ಎರಡು ಸಲ ತಡವಾಗಿ ಮುಟ್ಟಿದ. ಮಾಲು ಅರ್ಧ ಬೆಲೆಗೆ ಹೋಯಿತು. ಚಾಂದ್‌ಪಾಷಾ ಕೆಟ್ಟವನಲ್ಲ, ಬೈಯಲಿಲ್ಲ, ಕೂಡಿಸಿ ಚಹಾ ಕುಡಿಸಿ ತನ್ನ ಕಷ್ಟ ಹೇಳಿಕೊಂಡ. ಆಮೇಲೆ ಲಕ್ಷ್ಮಣ ಸರಿಯಾದ ಹೊತ್ತಿಗೆ ಮುಟ್ಟತೊಡಗಿದ. ಹೇಗೆ ಮುಟ್ಟುತ್ತಿದ್ದ ಎಂದು ಮನೆಯಲ್ಲಿ ಹೇಳಲಿಲ್ಲ. ಮುಂಜಾನೆ ಬಂದು ಸ್ನಾನ ಮಾಡಿದರೂ ಮೀನಿನ ವಾಸನೆ ಬಿಡುತ್ತಿರಲಿಲ್ಲ. ಲೋಟ ಹಿಡಿದರೆ ಅಂಚಿನಿಂದ ಚಹಾ ಚೆಲ್ಲುತ್ತಿತ್ತು. ಮುದುಕಮ್ಮ ನೋಡಿ, ಅಂದಿನಿಂದ ಲೋಟ ಪೂರ್ತಿ ತುಂಬುವುದನ್ನು ಬಿಟ್ಟಳು.

ಆಗಸ್ಟ್ ಕೊನೆಯ ಒಂದು ಮುಂಜಾನೆ ಎಲ್ಲರೂ ಒಲೆಯ ಸುತ್ತ ಇದ್ದರು. ಸುನೀಲ ಬಸ್ಸಿಗೆ ಹೊರಡುವವನಿದ್ದ. ಈಗ ಅವನು ರೊಟ್ಟಿಗೆ ಕಾಯುತ್ತಿರಲಿಲ್ಲ, ತಾಯಿಯೂ ನಿಲ್ಲಿಸುತ್ತಿರಲಿಲ್ಲ. ಲಕ್ಷ್ಮಣ ಆಗಷ್ಟೇ ಬಂದು ಉಣ್ಣಲು ಕೂತಿದ್ದ. ಚಾಂದ್‌ಪಾಷಾ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಕೈಯಲ್ಲಿ ಫೋನಿತ್ತು. ಅವನು ಏನೂ ಹೇಳುವ ಮೊದಲೇ ಮನೆಯವರಿಗೆ ತಿಳಿಯಿತು.

ಗಾಡಿಯ ಬೆನ್ನು, ನಂಬರು. ತೊಂಬತ್ತಾರು.

ದಂಡ ತಾನು ಕಟ್ಟುತ್ತೇನೆ, ಅದರ ಮಾತೇ ಬೇಡ ಎಂದ ಚಾಂದ್‌ಪಾಷಾ. ಆದರೆ ಹೊಡೆದವರ ಹೆಸರು ಕೇಳಿದ್ದಾರೆ. ಲಕ್ಷ್ಮಣನ ಹೆಸರಿನ ಮೇಲೆ ಇದು ಎರಡನೆಯದು. ಎರಡನೆಯದಾದರೆ ಲೈಸೆನ್ಸ್ ಎತ್ತಿಡುತ್ತಾರೆ. ಎಷ್ಟು ತಿಂಗಳು ಎಂಬುದು ಅವರ ಕೈಯಲ್ಲಿ. ಅದಕ್ಕೇ ಕೊಡುವ ಮೊದಲು ಕೇಳಿ ಹೋಗೋಣವೆಂದು ಬಂದೆ, ಎಂದು ನೆಲ ನೋಡುತ್ತ ಹೇಳಿದ.

ಹಂಚಿನ ಮೇಲಿನ ರೊಟ್ಟಿ ಉಬ್ಬಿ ಇಳಿಯಿತು.

ಸುನೀಲ ಬ್ಯಾಗು ಕೆಳಗಿಟ್ಟ. "ನನ್ನ ಹೆಸರು ಕೊಡ್ರಿ," ಎಂದ. "ಈ ಸಲ ನಂದ ಇರಲಿ. ನಾ ಹೊಡದಿದ್ದೆ ಅಂತ ನಾನ ಬಂದು ಬರಕೊಡ್ತೀನಿ."

ಅವನು ನಿಜವಾಗಿಯೇ ಹೇಳಿದ್ದ. ಅನುಪಮಾ ತಡೆಯಲಿಲ್ಲ. ವಿರೂಪಾಕ್ಷಪ್ಪ ತಲೆ ಎತ್ತಿ ಹೆಂಡತಿಯ ಕಡೆ ನೋಡಿದ. ಆ ಮನೆಯಲ್ಲಿ ಇಂಥದ್ದಕ್ಕೆ ಎಲ್ಲರೂ ನೋಡುವುದು ಆಕೆಯ ಕಡೆಯೇ. ಪದ್ಮಾವತಿಯೂ ನೋಡಿದಳು. ಅವಳ ಕಣ್ಣಿನಲ್ಲಿ ಆ ಹೊತ್ತು ಒಂದು ಆಸೆ ಇತ್ತು. ಅದನ್ನು ಮುದುಕಮ್ಮ ಕಂಡಳು.

ಆಕೆ ಹಂಚು ಇಳಿಸಿದಳು. ಹಿಟ್ಟಿನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಬ್ಯಾಡ," ಎಂದಳು. "ಯಾರು ಹೊಡದಾರೋ ಅವರ ಹೆಸರ ಇರಲಿ."

ಲಕ್ಷ್ಮಣ ತಾಯಿಯನ್ನು ನೋಡಿ ಮೆಲ್ಲಗೆ ತಲೆ ಆಡಿಸಿದ. "ಹೌದು ಬೇ. ಈ ಸಲ ಖರೇನ ನಾನ," ಎಂದ. ತಾಟಿನಲ್ಲೇ ಕೈ ತೊಳೆದು, ಅಂಗಿಯ ಜೇಬಿನಿಂದ ಲೈಸೆನ್ಸ್ ತೆಗೆದು, ಅದಕ್ಕೆ ಅಂಟಿದ್ದ ಮೀನಿನ ಹುರುಪೆಯನ್ನು ಉಗುರಿನಿಂದ ಕಿತ್ತು, ಚಾಂದ್‌ಪಾಷಾನ ಕೈಗೆ ಕೊಟ್ಟ.

ಹೊರಗೆ ಹಳದಿ ಬಸ್ಸು ಹಾರ್ನ್ ಹಾಕಿತು. ಯಶೋಧರಾ ಪಾಟಿಚೀಲ ಎತ್ತಿಕೊಂಡು, ಅಪ್ಪನ ಹೆಗಲನ್ನು ಒಮ್ಮೆ ಮುಟ್ಟಿ ಓಡಿದಳು. ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದ ಸಣ್ಣ ಕೂಸೊಂದು ತೆರೆದ ಮನೆಬಾಗಿಲಿನ ಕಡೆ ಕತ್ತು ಚಾಚಿ ಹುಡುಕುತ್ತಿತ್ತು. ಲಕ್ಷ್ಮಣ ಕೂತಲ್ಲಿಂದಲೇ ಕೈ ಎತ್ತಿದ. ಅದಕ್ಕೆ ಕಂಡಿತೋ ಇಲ್ಲವೋ, ಬಸ್ಸು ಹೊರಟಿತು.

ಪದ್ಮಾವತಿ ಗಂಡನ ತಾಟು ಎತ್ತಿಕೊಂಡಳು. ಅತ್ತೆಯ ಮುಂದೆ ಹಾದುಹೋಗುವಾಗ ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಆ ದಿನ ಹೇಳಬೇಕಾದ ಮಾತು ಈಗ ಹೇಳಿದ್ರಿ ನೋಡ್ರಿ, ಅತ್ತಿ," ಎಂದಳು. ಮುದುಕಮ್ಮ ಹಿಟ್ಟಿನ ಕೈ ತೊಳೆದುಕೊಳ್ಳಲೆಂದು ನೀರಿನ ಚಂಬನ್ನು ಬಗ್ಗಿ ಎತ್ತಿ ಆಕೆಯ ಹತ್ತಿರ ಇಟ್ಟು, ಒಳಗೆ ಹೋದಳು.